ಕಾರಿಗೆ ಎರಡು ಫ್ಯೂಯಲ್ ಪಂಪ್ ಹಾಕಿದರೂ ಬೂಸ್ಟ್‌ನಲ್ಲಿ ಪ್ರೆಶರ್ ಬೀಳುತ್ತಿದ್ದರೆ
ಟ್ಯಾಂಕಿನೊಳಗೆ ಎರಡು ಪಂಪ್ ಇದ್ದೂ 20 ಪಿಎಸ್‌ಐ (ಒತ್ತಡದ ಅಳತೆ) ಬೂಸ್ಟ್‌ನಲ್ಲಿ, ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವಾಗ, ಫ್ಯೂಯಲ್ ಪ್ರೆಶರ್ 50ಕ್ಕೆ ಇಳಿಯುತ್ತಿದೆ ಅಂದರೆ ಬಹುಶಃ ವೈರಿಂಗ್ ತೊಂದರೆ, ಹಳೇ ವೈರಿನಲ್ಲೇ ಎರಡನ್ನೂ ಓಡಿಸುತ್ತಿದ್ದೀರಿ ಅಲ್ವಾ? ನಿಮ್ಮ ಬೇಸ್ (ಬೂಸ್ಟ್ ಇಲ್ಲದಾಗಿನ ಫ್ಯೂಯಲ್ ಪ್ರೆಶರ್) 43 ಇದ್ದರೆ, ಬೂಸ್ಟ್ ಏರಿದಷ್ಟೇ ಅದೂ ಏರಬೇಕು, ಹಾಗಾಗಿ ಅಲ್ಲಿ 63 ಇರಬೇಕು.

ಮೊದಲು ಎರಡೂ ಪಂಪ್ ಓಡುತ್ತಿರುವಾಗ ಟ್ಯಾಂಕಿನ ಹೊರಗಿನ ಕನೆಕ್ಟರ್‌ನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದು ಇಲ್ಲಿ 11.5 ತೋರಿಸಿದರೆ ತೊಂದರೆ ವೈರಿಂಗ್‌ನಲ್ಲೇ, ಸುಮ್ನೆ ಬೇರೆ ಕಡೆ ಹುಡುಕಬೇಡಿ. ಪ್ರತಿ ಪಂಪ್‌ಗೂ ಬ್ಯಾಟರಿಯಿಂದ ದಪ್ಪ ವೈರ್, ಬೇರೆ ಫ್ಯೂಸ್, ಬೇರೆ ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಕೊಡಿ, ಹಳೇ ವೈರನ್ನು ರಿಲೇ ಆನ್ ಮಾಡಲು ಮಾತ್ರ ಬಳಸಿ. ಅರ್ತ್ ವೈರೂ ಅಷ್ಟೇ ದಪ್ಪ ಇರಲಿ, ಪೇಂಟ್ ಕೆರೆದು ಕಾರಿನ ಬಾಡಿಯ ಲೋಹಕ್ಕೆ ಬಿಗಿಯಿರಿ (ನಾನು ಇದನ್ನೇ ಮರೆತು ಒಂದು ಭಾನುವಾರ ಕಳೆದುಕೊಂಡೆ).

ವೋಲ್ಟೇಜ್ ಸರಿಯಿದ್ದರೆ ರೆಗ್ಯುಲೇಟರ್‌ಗೆ (ಫ್ಯೂಯಲ್ ಪ್ರೆಶರ್ ನಿಯಂತ್ರಿಸುವ ಭಾಗ) ಬರುವ ಬೂಸ್ಟ್ ಹೋಸ್, ಫಿಲ್ಟರ್, ಆಮೇಲೆ ಟ್ಯಾಂಕಿನೊಳಗಿನ ಹೋಸ್ ಕ್ಲಾಂಪ್ ನೋಡಿ. ಅಲ್ಲಿಯವರೆಗೆ ಬೂಸ್ಟ್ ಇಳಿಸಿ ಓಡಿಸಿ, ಲೀನ್ ಆದರೆ (ಗಾಳಿಗೆ ತಕ್ಕಷ್ಟು ಫ್ಯೂಯಲ್ ಸಿಗದಿದ್ದರೆ) ಪಿಸ್ಟನ್ ಕರಗಬಹುದು.