ಒಂಬತ್ತನೇ ಕ್ಲಾಸಿನ ಮಗನಿಗೆ ದಿನಾ ಬೈಗುಳ: ಇದರಿಂದ ತೊಂದರೆ ಇದೆಯಾ?

ನಿಮ್ಮ ಮನೆಯವರು ಮಗನಿಗೆ ದಿನಾ ಬೈತಾರೆ, ಆಗಾಗ ಕೈಯೂ ಎತ್ತುತ್ತಾರೆ. ಕೇಳಿದರೆ "ನಮ್ಮಪ್ಪನೂ ಹೊಡೆದೇ ಬೆಳೆಸಿದ್ದು, ನಾನೇನು ಹಾಳಾದೆನಾ?" ಅಂತಾರೆ. ಮಗ ಈಗೀಗ ಮಾತೇ ಕಡಿಮೆ ಮಾಡಿದ್ದಾನೆ. ಎರಡಕ್ಕೂ ಸಂಬಂಧ ಇದೆಯಾ ಅಂತ ಕೇಳಿದ್ದೀರಿ.

ಇರುವ ಸಾಧ್ಯತೆ ಜಾಸ್ತಿ. ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮನೆಯಲ್ಲೇ ಟ್ಯೂಷನ್ ನಡೆಸುತ್ತೇನೆ. ಯಾರ ಮನೆಯಲ್ಲಿ ಏಟು ಬೀಳುತ್ತದೆ ಅನ್ನೋದು ಟೆಸ್ಟ್ ಪೇಪರ್ ಕೊಡುವ ದಿನ ಗೊತ್ತಾಗಿಬಿಡುತ್ತದೆ. ಒಬ್ಬಳು ಪೇಪರನ್ನು ಚಿಕ್ಕದಾಗಿ ಮಡಚಿ ಕಂಪಾಸ್ ಬಾಕ್ಸಿನ ತಳಕ್ಕೆ ತುರುಕುತ್ತಾಳೆ. ಇನ್ನೊಬ್ಬ "ಟೀಚರ್, ಇದು ನಿಮ್ಮ ಹತ್ರಾನೇ ಇರಲಿ, ಪಪ್ಪಾ ಊರಿಗೆ ಹೋದ ಮೇಲೆ ತಗೋತೀನಿ" ಅನ್ನುತ್ತಾನೆ. ಲೆಕ್ಕದಲ್ಲಿ ಇಬ್ಬರೂ ಇದ್ದಲ್ಲೇ ಇದ್ದಾರೆ.

"ನಾನು ಹೊಡೆಯಲ್ಲಪ್ಪ, ಬರೀ ಬೈತೀನಿ" ಅನ್ನುವವರೂ ಇದ್ದಾರೆ. ಅಮೆರಿಕದ 976 ಕುಟುಂಬಗಳನ್ನು ಗಮನಿಸಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅದು ನೋಡಿದ್ದು ಬಾಯಿಯ ಶಿಕ್ಷೆಯನ್ನೇ: ಕೂಗಾಟ, ಬೈಗುಳ, ಹೀಯಾಳಿಕೆ. 13ನೇ ವಯಸ್ಸಿನಲ್ಲಿ ಇದು ಜಾಸ್ತಿ ಸಿಕ್ಕ ಮಕ್ಕಳಲ್ಲಿ 14ರ ಹೊತ್ತಿಗೆ ಖಿನ್ನತೆಯ ಲಕ್ಷಣಗಳೂ ಪುಂಡಾಟವೂ ಹೆಚ್ಚಿದ್ದವು. ಮಿಕ್ಕ ಹೊತ್ತಿನಲ್ಲಿ ಅಪ್ಪ ಅಮ್ಮ ಪ್ರೀತಿಯಿಂದ ಇದ್ದರೂ ಆ ಪೆಟ್ಟು ಕಡಿಮೆಯಾಗಿರಲಿಲ್ಲ. ಇನ್ನೊಂದು ವಿಷಯ, ಮಗು ತಂಟೆ ಮಾಡಿದಷ್ಟೂ ಬೈಗುಳವೂ ಏರಿತ್ತು. ಅಂದರೆ ಒಂದರ ಬೆಂಕಿಗೆ ಇನ್ನೊಂದು ತುಪ್ಪ ಸುರಿದುಕೊಂಡು ಹೋಗುತ್ತದೆ.

ಮುಂಬೈ ಕಡೆ ಇನ್ನೊಂದು ಸಂಕಟ ಇದೆ, ಒನ್ ರೂಮ್ ಕಿಚನ್. ಅಪ್ಪ ಲೋಕಲ್ ಟ್ರೈನಿನಲ್ಲಿ ಜೋತಾಡಿಕೊಂಡು ರಾತ್ರಿ ಮನೆ ಸೇರಿರುತ್ತಾರೆ. ಆಗಲೇ ಮಾರ್ಕ್ಸ್ ವಿಷಯ ಬರುತ್ತದೆ. ಹುಡುಗ ಎದ್ದು ಹೋಗಲು ಬೇರೆ ಕೋಣೆ ಇಲ್ಲ. ಬೈದದ್ದು ಇಡೀ ಫ್ಲೋರಿಗೆ ಕೇಳುತ್ತದೆ. ಮರುದಿನ ಲಿಫ್ಟಿನಲ್ಲಿ ಪಕ್ಕದ ಮನೆಯ ಕಾಕು (ಚಿಕ್ಕಮ್ಮ) ಮರಾಠಿಯಲ್ಲಿ "ಕಾಯ್ ಝಾಲಂ ರೇ ಕಾಲ್?" (ನಿನ್ನೆ ಏನಾಯ್ತೋ?) ಅಂತ ವಿಚಾರಿಸುತ್ತಾರೆ, ಪಾಪ ಕಾಳಜಿಯಿಂದಲೇ. ಹದಿನಾಲ್ಕರ ಹುಡುಗನಿಗೆ ಏಟಿಗಿಂತ ಅದೇ ಜಾಸ್ತಿ ಉರಿಯುತ್ತದೆ.

ಯಜಮಾನರ ಮಾತಿಗೆ ಬರೋಣ. ಹೊಡೆತ ತಿಂದವರೆಲ್ಲ ಹಾಳಾಗುತ್ತಾರೆ ಅಂತ ಯಾರೂ ಹೇಳಿಲ್ಲ. ಸಿಗರೇಟು ಸೇದಿಯೂ ತೊಂಬತ್ತು ದಾಟಿದ ಅಜ್ಜಂದಿರು ಇದ್ದಾರೆ, ಅಲ್ವಾ? 2016ರಲ್ಲಿ 75 ಅಧ್ಯಯನಗಳನ್ನು, ಸುಮಾರು 1.6 ಲಕ್ಷ ಮಕ್ಕಳ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದಾಗ, ಏಟು ಜಾಸ್ತಿ ಇದ್ದ ಕಡೆ ಎದುರಾಡುವುದೂ ಮನಸ್ಸಿನ ತೊಂದರೆಯೂ ಜಾಸ್ತಿ ಕಂಡಿದ್ದವು.

ಶಿಸ್ತು ಬಿಡಿ ಅಂತ ನಾನು ಹೇಳುತ್ತಿಲ್ಲ. ಹತ್ತರ ಮೇಲೆ ಮೊಬೈಲ್ ಇಲ್ಲ ಅಂದರೆ ಇಲ್ಲ, ಹುಡುಗ ಮುಖ ಊದಿಸಿಕೊಂಡರೂ ಸರಿ. ಮಾರ್ಕ್ಸ್ ಮಾತು ಮಾತ್ರ ರಾತ್ರಿ ಬೇಡ, ಭಾನುವಾರ ತಿಂಡಿ ಆದ ಮೇಲೆ ಇಟ್ಟುಕೊಳ್ಳಿ. ಮನೆಯವರ ಹತ್ತಿರ ಇದನ್ನು ಮಗನ ಎದುರಿಗೆ ತೆಗೆಯಬೇಡಿ. ಹುಡುಗ ಊಟ ನಿದ್ದೆ ಬಿಟ್ಟರೆ, "ನಾನು ಇಲ್ಲದಿದ್ರೇ ಒಳ್ಳೇದು" ಅನ್ನುವಂಥ ಮಾತಾಡಿದರೆ ಭಾನುವಾರಕ್ಕೆ ಕಾಯಬೇಡಿ. ಅವನನ್ನು ಒಬ್ಬನೇ ಬಿಡದೆ ತಕ್ಷಣ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯೂ ಇದೆ, ನಂಬರ್ 14416, ದುಡ್ಡು ಕೊಡಬೇಕಿಲ್ಲ.