ಮೂವತ್ತು ತಂಡ ಬೇಡ, ಮೂರು ಸಾಕು

ಪ್ರಿಯ ಮಿತ್ರರೇ,

ನಮಸ್ಕಾರ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯನ್ನು ಪರಿಚಯಿಸಿ ಚಿತ್ರದುರ್ಗದಿಂದ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲಾರೆ. ಹಾಗೆಂದು ಎರಡು ಸಾಲಿನ ವಿಷಾದ ಪತ್ರ ಬರೆದು ಮುಗಿಸಲೂ ಮನಸ್ಸಿಲ್ಲ. ಬ್ಯಾಸ್ಕೆಟ್‌ಬಾಲ್ ಕುರಿತು ಕನ್ನಡದಲ್ಲಿ ಬರೆಯುವವರು ಬಹಳ ಕಡಿಮೆ. ನಿಮಗೆ ಆ ಆಟದ ಮೇಲಿರುವ ಪ್ರೀತಿ ಪುಟಪುಟದಲ್ಲೂ ಕಾಣುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೂವತ್ತೂ ತಂಡಗಳಿಗೆ ನೀವು ತಲಾ ನಾಲ್ಕು ಸಾಲು ಹಂಚಿದ್ದೀರಿ: ಊರು, ಸ್ಥಾಪನೆಯಾದ ವರ್ಷ, ಗೆದ್ದ ಪ್ರಶಸ್ತಿಗಳು, ಒಬ್ಬ ತಾರೆ. ಪ್ರತಿ ತಂಡವೂ ‘ಬಲಿಷ್ಠ’, ಪ್ರತಿ ಆಟಗಾರನೂ ‘ದಂತಕಥೆ’. ಐದನೆಯ ತಂಡಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತುಹೋಗಿರುತ್ತದೆ. ದಾವಣಗೆರೆಯ ನಮ್ಮ ಓದುಗರು ಕ್ರಿಕೆಟ್, ಕಬಡ್ಡಿ, ಕುಸ್ತಿ ಬಲ್ಲವರು. ಆಟದ ಸೂಕ್ಷ್ಮ ಅವರಿಗೆ ಹೊಸದಲ್ಲ. ಪಟ್ಟಿ ಬೇಕೆಂದರೆ ಮೊಬೈಲಿನಲ್ಲೇ ಸಿಗುತ್ತದೆ. ಈ ಲೀಗ್ ಏಕೆ ಹೀಗಿದೆ, ಹೇಗೆ ಬೆಳೆಯಿತು ಎಂಬುದನ್ನು ನೀವು ಹೇಳಬೇಕು.

ಅದಕ್ಕೆ ಬೇಕಾದ ಎಳೆ ನಿಮ್ಮ ಲೇಖನದಲ್ಲೇ ಇದೆ. ‘24 ಸೆಕೆಂಡುಗಳ ನಿಯಮ 1954ರಲ್ಲಿ ಬಂತು’ ಎಂದು ಒಂದೇ ಸಾಲು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು! 1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು ಅದರ ಅಂಗಳದಲ್ಲೇ ಸೋಲಿಸಿತು. ಅಂಕ 19–18. ಎನ್‌ಬಿಎ ಇತಿಹಾಸದಲ್ಲಿ ಇದಕ್ಕಿಂತ ಕಡಿಮೆ ಅಂಕಗಳ ಪಂದ್ಯ ಇಲ್ಲ. ಲೇಕರ್ಸ್‌ನಲ್ಲಿ 6 ಅಡಿ 10 ಅಂಗುಲ ಎತ್ತರದ ಜಾರ್ಜ್ ಮೈಕನ್ ಇದ್ದರು. ಅವರ ಕೈಗೆ ಚೆಂಡು ಸಿಕ್ಕರೆ ಕೆಲಸ ಕೆಟ್ಟಿತೆಂದು ಪಿಸ್ಟನ್ಸ್ ಆಟಗಾರರು ಚೆಂಡನ್ನು ತಮ್ಮಲ್ಲೇ ಹಿಡಿದು ಕಾಲ ಕಳೆದರು. ಅದನ್ನು ತಡೆಯುವ ನಿಯಮವೇ ಆಗ ಇರಲಿಲ್ಲ. ಅಷ್ಟಾದರೂ ಲೇಕರ್ಸ್‌ನ 18ರಲ್ಲಿ 15 ಅಂಕ ಮೈಕನ್ ಒಬ್ಬರದೇ.

ಇಂಥ ಆಟಕ್ಕೆ ಯಾರು ಟಿಕೆಟ್ ಕೊಳ್ಳುತ್ತಾರೆ? ಸಿರಾಕ್ಯೂಸ್ ನ್ಯಾಷನಲ್ಸ್ ತಂಡದ ಮಾಲೀಕ ಡ್ಯಾನಿ ಬಯಾಸೋನ್ ಇದಕ್ಕೊಂದು ಪರಿಹಾರ ಬೇಕೆಂದು ಪಟ್ಟು ಹಿಡಿದರು. ಅವರ ಲೆಕ್ಕವನ್ನು ಓದುಗರ ಮುಂದೆ ಬಿಡಿಸಿಡಿ. ಪಂದ್ಯ 48 ನಿಮಿಷ, ಅಂದರೆ 2,880 ಸೆಕೆಂಡು. ಸೊಗಸಾಗಿ ನಡೆದ ಪಂದ್ಯಗಳಲ್ಲಿ ಎರಡೂ ತಂಡಗಳು ಸೇರಿ ಸುಮಾರು 120 ಸಲ ಬುಟ್ಟಿಯತ್ತ ಎಸೆಯುತ್ತಿದ್ದವು. ಭಾಗಿಸಿದರೆ 24. ಅಷ್ಟರೊಳಗೆ ಎಸೆಯದಿದ್ದರೆ ಚೆಂಡು ಎದುರಾಳಿಗೆ. ನಿಯಮ ಬಂದ ಮೊದಲ ಋತುವಿನಲ್ಲೇ ತಂಡವೊಂದರ ಸರಾಸರಿ ಅಂಕ 79ರ ಆಸುಪಾಸಿನಿಂದ 93ಕ್ಕೆ ಏರಿತು. ಆ ವರ್ಷದ ಪ್ರಶಸ್ತಿ ಗೆದ್ದದ್ದೂ ಸಿರಾಕ್ಯೂಸ್ ತಂಡವೇ. ಫೈನಲ್‌ನಲ್ಲಿ ಸೋತದ್ದು ಅದೇ ಫೋರ್ಟ್ ವೇನ್, ಏಳನೆಯ ಪಂದ್ಯದಲ್ಲಿ, 92–91 ಅಂತರದಲ್ಲಿ.

ಈಗ ಈ ಮೂರು ತಂಡಗಳನ್ನೇ ಹಿಂಬಾಲಿಸಿ. ಪಿಸ್ಟನ್ಸ್ 1957ರಲ್ಲಿ ಡೆಟ್ರಾಯಿಟ್‌ಗೆ ಹೋಯಿತು. ಲೇಕರ್ಸ್ 1960ರಲ್ಲಿ ಲಾಸ್ ಏಂಜಲೀಸ್‌ಗೆ ಹೋಯಿತು. ಸಿರಾಕ್ಯೂಸ್ ತಂಡ 1963ರಲ್ಲಿ ಫಿಲಡೆಲ್ಫಿಯಾ ಸೇರಿ ‘ಸೆವೆಂಟಿ ಸಿಕ್ಸರ್ಸ್’ ಆಯಿತು. (ನಿಮ್ಮ ಪಟ್ಟಿಯಲ್ಲಿ ಈ ತಂಡ 1963ರಲ್ಲಿ ಹುಟ್ಟಿದೆ, ಲೇಕರ್ಸ್ ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿದೆ. ಎರಡೂ ತಪ್ಪು.) 1950ರಲ್ಲಿ ಸಿರಾಕ್ಯೂಸ್‌ನ ಜನಸಂಖ್ಯೆ ಸುಮಾರು 2.2 ಲಕ್ಷ; 2011ರ ಜನಗಣತಿಯಲ್ಲಿ ನಮ್ಮ ದಾವಣಗೆರೆ ನಗರದ್ದು ನಾಲ್ಕು ಲಕ್ಷ ದಾಟಿತ್ತು. ಅಷ್ಟು ಚಿಕ್ಕ ಊರು ರಾಷ್ಟ್ರಮಟ್ಟದ ಪ್ರಶಸ್ತಿ ಗೆದ್ದೂ ತಂಡವನ್ನು ಉಳಿಸಿಕೊಳ್ಳಲಾಗಲಿಲ್ಲ. ಪಿಸ್ಟನ್ಸ್ ತಂಡವನ್ನು ಕಟ್ಟಿದ್ದು ಫ್ರೆಡ್ ಝೋಲ್ನರ್, ಫೋರ್ಟ್ ವೇನ್ ಊರಿನ ಪಿಸ್ಟನ್ ಕಾರ್ಖಾನೆಯ ಒಡೆಯ. ಹತ್ತಿ ಗಿರಣಿಗಳ ಸೈರನ್ ಕೇಳಿ ಬೆಳೆದು, ಆ ಗಿರಣಿಗಳು ಮುಚ್ಚಿದ್ದನ್ನೂ ಕಂಡ ದಾವಣಗೆರೆಯ ಹಿರಿಯರಿಗೆ ಕಾರ್ಖಾನೆಯ ಊರು ಏನನ್ನು ಕಳೆದುಕೊಳ್ಳಬಲ್ಲದು ಎಂದು ನೀವು ವಿವರಿಸಬೇಕಾಗಿಲ್ಲ.

ಇಲ್ಲಿಂದ ಲೀಗ್‌ನ ಒಳಗಿನ ವ್ಯವಸ್ಥೆಗೆ ದಾರಿ ತಾನಾಗಿ ತೆರೆಯುತ್ತದೆ. ತಂಡ ಮಾಲೀಕರ ಸೊತ್ತು, ಲೀಗ್‌ನ ಒಪ್ಪಿಗೆ ಪಡೆದು ಊರು ಬದಲಿಸಬಹುದು. ಕೊನೆಯ ಸ್ಥಾನಕ್ಕೆ ಕುಸಿದರೂ ಕೆಳದರ್ಜೆಗೆ ತಳ್ಳುವುದಿಲ್ಲ. ಬದಲಿಗೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ‘ಡ್ರಾಫ್ಟ್’ನಲ್ಲಿ ಸೋತವರಿಗೆ ಮುಂಚಿನ ಅವಕಾಶ ಸಿಗುವ ಸಾಧ್ಯತೆ ಹೆಚ್ಚು, 1985ರಿಂದ ಅದಕ್ಕೆ ಲಾಟರಿಯೂ ಉಂಟು. ‘ಡ್ರಾಫ್ಟ್’ ಎಂಬ ಪದ ನಿಮ್ಮಲ್ಲಿ ಮತ್ತೆ ಮತ್ತೆ ಬರುತ್ತದೆ, ವಿವರಣೆ ಮಾತ್ರ ಎಲ್ಲೂ ಇಲ್ಲ. ಪೂರ್ವ, ಪಶ್ಚಿಮ ಎಂದು ಹದಿನೈದು ಹದಿನೈದು ತಂಡಗಳು, ಸಾಮಾನ್ಯವಾಗಿ ತಲಾ 82 ಪಂದ್ಯ, ಆಮೇಲೆ ಏಳರಲ್ಲಿ ನಾಲ್ಕು ಗೆಲ್ಲಬೇಕಾದ ನಾಕೌಟ್ ಸರಣಿಗಳು: ಇವನ್ನೆಲ್ಲ ಒಂದು ಪ್ಯಾರಾದಲ್ಲಿ ಮುಗಿಸಿ.

ಇನ್ನೂ ಮೂರು ತಪ್ಪುಗಳನ್ನು ತಿದ್ದಲೇಬೇಕು. ಎನ್‌ಬಿಎ ಪಂದ್ಯ 40 ನಿಮಿಷದ್ದಲ್ಲ, ಅದು ಅಂತರರಾಷ್ಟ್ರೀಯ ಪಂದ್ಯಗಳ ಅವಧಿ. ಎಲ್ಲ ತಂಡಗಳೂ ಅಮೆರಿಕದವಲ್ಲ, ಟೊರಾಂಟೊ ಕೆನಡಾದಲ್ಲಿದೆ. ಪಂಜಾಬಿನ ಸತ್ನಾಮ್ ಸಿಂಗ್ ಅವರನ್ನು 2015ರಲ್ಲಿ ಡಲ್ಲಾಸ್ ಮಾವೆರಿಕ್ಸ್ 52ನೆಯವರಾಗಿ ಆರಿಸಿಕೊಂಡಿತು ನಿಜ, ಆದರೆ ಅವರು ಎನ್‌ಬಿಎ ಪಂದ್ಯದ ಅಂಗಳಕ್ಕೆ ಇಳಿಯಲೇ ಇಲ್ಲ. ‘ಎನ್‌ಬಿಎಯಲ್ಲಿ ಆಡಿದ ಮೊದಲ ಭಾರತೀಯ’ ಎಂದು ಅಚ್ಚು ಹಾಕಿದರೆ ನಾಳೆ ಬರುವ ಪತ್ರಗಳಿಗೆ ಉತ್ತರ ಕೊಡುವುದು ಕಷ್ಟ. ಆಯ್ಕೆಯಾದ ಮೊದಲ ಭಾರತೀಯ ಎನ್ನಿ. ಅದು ಸಣ್ಣ ಸಾಧನೆಯಲ್ಲ.

ಅಮೆರಿಕದ ಸಂಜೆಯ ಪಂದ್ಯ ನಮಗೆ ಬೆಳಗ್ಗೆ ಆಗುವುದರಿಂದ, ಹಾಸ್ಟೆಲ್ ಹುಡುಗರು ಒಂದೇ ಮೊಬೈಲಿನ ಸುತ್ತ ಕೂತು ನೋಡಿ, ತಿಂಡಿ ಮರೆತು ಜಗಳವಾಡುವುದನ್ನು ಬರೆದಿದ್ದೀರಲ್ಲ, ಆ ಪ್ಯಾರಾದ ಒಂದಕ್ಷರವನ್ನೂ ಮುಟ್ಟಬೇಡಿ. ಅಲ್ಲಿ ವಿಶೇಷಣಗಳೇ ಇಲ್ಲ, ಹುಡುಗರ ಮಾತು ಕಿವಿಗೆ ಬೀಳುತ್ತದೆ. ಇಡೀ ಲೇಖನವನ್ನು ಆ ಧಾಟಿಗೆ ತನ್ನಿ.

ಒಂದು ಸಾವಿರ ಪದ ಸಾಕು. ತಂಡಗಳ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಕೊಡಿ, ಚೌಕಟ್ಟಿನಲ್ಲಿ ಹಾಕೋಣ. ಫಿಲಡೆಲ್ಫಿಯಾವನ್ನು ಮೂರು ಬಗೆಯಲ್ಲಿ ಬರೆದಿದ್ದೀರಿ, ಒಂದನ್ನು ಆರಿಸಿಕೊಳ್ಳಿ. ತಿದ್ದಿದ ಪ್ರತಿ ಕೈಸೇರಿದ ಕೂಡಲೇ ಓದುತ್ತೇನೆ.

ವಿಶ್ವಾಸದೊಂದಿಗೆ,
ಸಂಪಾದಕ, ದಾವಣಗೆರೆ