ಆರು ಮನೆ, ಒಂದು ಪ್ರೆಸ್: ಮುಯ್ಯಾಳಿನಲ್ಲಿ ಮನೆ ಕಟ್ಟುವ ಬಗ್ಗೆ

ಆರು ಮನೆಯವರು ಸೇರಿ ಮುಯ್ಯಾಳಿನಲ್ಲಿ, ಅಂದರೆ ಕೂಲಿಯಿಲ್ಲದೆ ಒಬ್ಬರಿಗೊಬ್ಬರು ದುಡಿದುಕೊಟ್ಟು, ಮನೆ ಕಟ್ಟಿಕೊಳ್ಳಬಹುದಾ, ಕೃಷಿಹೊಂಡ ತೆಗೆದ ಮಣ್ಣಲ್ಲೇ ಬ್ಲಾಕ್ ಹೊಡೆಯಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) 1974ರಲ್ಲಿ ಶುರುವಾದ, ಹಳ್ಳಿಗೆ ಬೇಕಾದ ತಂತ್ರಜ್ಞಾನದ ಗುಂಪು ‘ಅಸ್ತ್ರ’ದವರು ಹಳ್ಳಿಗಳಿಗಾಗಿಯೇ ಇಂಥ ಕೈಪ್ರೆಸ್ (ಕೈಯಿಂದ ಒತ್ತುವ ಯಂತ್ರ) ಬ್ಲಾಕಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಸುಡುವ ಗೋಜಿಲ್ಲ, ಸೌದೆಯೂ ಬೇಡ.

ಮೇಲಿನ ಒಂದಡಿ ಮಣ್ಣು ಬ್ಲಾಕಿಗೆ ಆಗಲ್ಲ. ಬೇರು, ಗೊಬ್ಬರ ಇರುತ್ತದೆ, ಅದನ್ನು ಹೊಲಕ್ಕೇ ಹಾಕಿ. ಕೆಳಗಿನದನ್ನು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ತುಂಬಿ. ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಬಿಡಿ. ಮರಳು ತಳದಲ್ಲಿ, ಜೇಡಿ ಮೇಲೆ ಕೂರುತ್ತದೆ. ಮೂರರಲ್ಲಿ ಎರಡು ಪಾಲು ಮರಳಿದ್ದರೆ ಒಳ್ಳೆ ಮಣ್ಣು. ಜೇಡಿ ಜಾಸ್ತಿ ಇದ್ದರೆ ಎಂ ಸ್ಯಾಂಡ್ ಬೆರೆಸಿ. ಎರೆಮಣ್ಣಾದರೆ ಕೈ ಹಾಕಲೇಬೇಡಿ, ನೀರು ಕುಡಿದು ಉಬ್ಬುತ್ತದೆ.

ಜರಡಿ ಹಿಡಿದ ಮಣ್ಣಿಗೆ ತೂಕದಲ್ಲಿ ಶೇ 7ರಷ್ಟು ಸಿಮೆಂಟ್. ನೀರಿನ ಹದ ನೋಡಲು ಉಂಡೆ ಕಟ್ಟಿ ಎದೆ ಮಟ್ಟದಿಂದ ಬಿಡಿ. ನಾಲ್ಕೈದು ಚೂರಾದರೆ ಹದ ಸರಿ. ಪುಡಿಯಾದರೆ ನೀರು ಸಾಲದು, ಅಪ್ಪಚ್ಚಿಯಾದರೆ ಜಾಸ್ತಿ. ಸಿಮೆಂಟ್ ಕಲೆಸಿದ್ದನ್ನು ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಿ. ಆಮೇಲೆ ನೆರಳು, ಮೇಲೆ ಹುಲ್ಲು, ಮೂರು ವಾರ ನೀರು.

230×190×100 ಮಿ.ಮೀ. ಬ್ಲಾಕಾದರೆ ನೂರು ಚದರಡಿ ಗೋಡೆಗೆ ಸುಮಾರು 345 ಬೇಕು. ಒಂದು ಮೂಟೆ ಸಿಮೆಂಟಿಗೆ 85–90 ಬರುತ್ತದೆ. ನೀವೇ ದುಡಿದರೆ ಉಳಿತಾಯ ಇರುವುದು ಈ ಕೆಲಸಗಳಲ್ಲಿ: ಪಾಯ ಅಗೆಯೋದು, ಬ್ಲಾಕ್ ಹೊಡೆಯೋದು, ಹೊರೋದು, ನೀರು ಹಾಕೋದು. ಮೂಲೆ ಕಟ್ಟೋದು, ಲಿಂಟಲ್, ಕರೆಂಟ್ ಕೆಲಸಕ್ಕೆ ಮೇಸ್ತ್ರಿನೇ ಬೇಕು. ಮೋಲ್ಡ್ (ಕಾಂಕ್ರೀಟ್ ಚಾವಣಿ) ಖರ್ಚೂ ಅಷ್ಟಾಗಿ ಇಳಿಯಲ್ಲ. ಕಬ್ಬಿಣ, ಸೆಂಟ್ರಿಂಗ್ ಬಾಡಿಗೆ ಯಾರು ಕಟ್ಟಿದರೂ ಅಷ್ಟೇ.

ಮಣ್ಣಿಗಿಂತ ಜನರದ್ದೇ ತಲೆನೋವು. ಒಂದೊಂದೇ ಮನೆ ಪೂರ್ತಿ ಮುಗಿಸುತ್ತಾ ಹೋದರೆ, ಗೃಹಪ್ರವೇಶ ಆದವರಿಗೆ ಮರುದಿನದಿಂದ ಕಬ್ಬಿಗೆ ನೀರು ಕಟ್ಟೋದು, ನೆಂಟರ ಮನೆ ಮದುವೆ ಎಲ್ಲ ನೆನಪಾಗುತ್ತದೆ! ಉರುಗ್ವೆ ದೇಶದಲ್ಲಿ 1968ರ ವಸತಿ ಕಾನೂನಿನಡಿ ಸಹಕಾರ ಸಂಘದವರೂ ತಾವೇ ಸೇರಿ ದುಡಿದು ಮನೆ ಕಟ್ಟಿಕೊಳ್ಳುತ್ತಾ ಬಂದಿದ್ದಾರೆ. ಅಲ್ಲಿ ಯಾವ ಮನೆ ಯಾರಿಗೆ ಅಂತ ಚೀಟಿ ಎತ್ತುವುದು ಕಟ್ಟಿದ ಮೇಲೆ. ಹಾಗಾಗಿ ಯಾರೂ ‘ನನ್ನ ಗೋಡೆ’ಗೆ ಮಾತ್ರ ಮೈ ಬಗ್ಗಿಸುವಂತಿಲ್ಲ. ನಿಮ್ಮದು ಅವರವರ ಸ್ವಂತ ಸೈಟು, ಹಾಗೆ ಮಾಡೋಕಾಗಲ್ಲ. ಅದಕ್ಕೇ ಹಂತ ಹಂತವಾಗಿ ಹೋಗಿ. ಮೊದಲು ಆರೂ ಮನೆಯ ಬ್ಲಾಕ್ ಒಂದೇ ಕಡೆ ಹೊಡೆಯಿರಿ. ಆಮೇಲೆ ಆರೂ ಪಾಯ, ಆಮೇಲೆ ಆರೂ ಗೋಡೆ, ಕೊನೆಗೆ ಮೋಲ್ಡ್. ಸರ್ಕಾರಿ ಮನೆ ಮಂಜೂರಾಗಿದ್ದರೂ ದುಡ್ಡು ಬರೋದು ಪಾಯ, ಗೋಡೆ, ಚಾವಣಿ ಅಂತ ಕಂತಿನಲ್ಲೇ. ಎರಡೂ ಹೊಂದುತ್ತದೆ. ಕಂತು ತಡವಾದರೆ ಆ ಮನೆ ಕೆಲಸ ನಿಲ್ಲಬಾರದು, ಅದಕ್ಕೆ ಎಲ್ಲರೂ ಚೀಟಿ ಕಟ್ಟಿ ಕೂಡಿಸಿದ ದುಡ್ಡು ಸ್ವಲ್ಪ ಕೈಯಲ್ಲಿ ಇಟ್ಟುಕೊಂಡಿರಿ.

ಆಳಿನ ಲೆಕ್ಕ ಒಂದು ಪುಸ್ತಕದಲ್ಲಿ ಬರೆದು, ಸಂಜೆಯೇ ಎಲ್ಲರ ಸಹಿ ಹಾಕಿಸಿ. ನೀರು ಹಾಕಿದ ಅಜ್ಜಿ, ಅಡುಗೆ ಮಾಡಿದ ಹೆಂಗಸರದ್ದೂ ಒಂದಾಳೇ, ಅರ್ಧ ಅಲ್ಲ. ಇದು ಮೊದಲೇ ತೀರ್ಮಾನವಾಗಲಿ.

ಪ್ರೆಸ್ ಕೊಳ್ಳೋ ಮುಂಚೆ ಬಾಡಿಗೆಗೆ ತಂದು ಹತ್ತಿಪ್ಪತ್ತು ಬ್ಲಾಕ್ ಹೊಡೆದು ನೋಡಿ. ನಾಲ್ಕು ವಾರ ಕಳೆದ ಮೇಲೆ ಎರಡು ದಿನ ನೀರಲ್ಲಿ ಮುಳುಗಿಸಿ. ಅಂಚು ಉದುರಿದರೆ ಆ ಪಾಕ ಬೇಡ. ಬಾಟಲಿ ಫೋಟೋ ಇಲ್ಲಿ ಹಾಕಿ, ಮರಳು ಎಷ್ಟು ಸೇರಿಸಬೇಕು ಅಂತ ನೋಡೋಣ.